ಯುಕುಲೇಲೆಗೆ ಮಂದ್ರ ಪಂಚಮ ಕೂಡಿಸಿದ್ದು

ನಾನು ಯುಕುಲೇಲೆ, ಅಂದರೆ ಗಿಟಾರಿನಂಥ ಪುಟ್ಟ ವಾದ್ಯ, ಹಿಡಿದದ್ದು ವಚನ, ತತ್ವಪದ ಹಾಡೋದಕ್ಕೆ. ಅದರ ನಾಲ್ಕು ತಂತಿಗಳನ್ನು ಜಿ, ಸಿ, ಇ, ಎ ಸ್ವರಗಳಿಗೆ ಕೂಡಿಸುತ್ತಾರೆ. ನಾನು ಹಾಡೋದು ಹಾರ್ಮೋನಿಯಂನ ಬಿಳಿ ಒಂದರಲ್ಲಿ, ಅಂದರೆ ಸಿ ನನ್ನ ಷಡ್ಜ (ಸ), ಜಿ ಪಂಚಮ (ಪ). ಆದರೆ ಸಾಮಾನ್ಯವಾಗಿ ಅಂಗಡಿಯಿಂದ ಬರುವ ವಾದ್ಯದಲ್ಲಿ ಈ ಜಿ ತಂತಿ ಷಡ್ಜಕ್ಕಿಂತ ಮೇಲಿನ ಪಂಚಮ. ಯುಕುಲೇಲೆಯ ಆ ಚುರುಕು ದನಿ ಬರೋದೇ ಇದರಿಂದ. ಕುಣಿಯೋ ಹಾಡಿಗೆ ಚಂದ. ಬೆಳಗಾವಿಯಲ್ಲಿ ತಂಬೂರಿ ಕೇಳುತ್ತಾ ಬೆಳೆದ ನನ್ನ ಕಿವಿಗೆ ಮಾತ್ರ ಅದು ಸಾಲಲಿಲ್ಲ. ತಂಬೂರಿಯ ಮೊದಲ ತಂತಿ ಮಂದ್ರ ಪಂಚಮ, ಅಂದರೆ ಷಡ್ಜಕ್ಕಿಂತ ಕೆಳಗಿನ ಪಂಚಮ, ಅಲ್ವಾ? ನನಗೆ ಬೇಕಿದ್ದದ್ದು ಅದೇ. ಹೀಗೆ ಒಂದು ಸಪ್ತಕ ಕೆಳಗೆ ಕೂಡಿಸುವ ತಂತಿಗೆ ‘ಲೋ ಜಿ’ ಅಂತಾರೆ.

ಇದ್ದ ತಂತಿಯನ್ನೇ ಸಡಿಲ ಮಾಡಿದರೆ ಆಗೋದಿಲ್ಲ. ಜೋತು ಬಿದ್ದು ದನಿಯೇ ಹೊರಡಲ್ಲ. ದಪ್ಪ ತಂತಿ ಬೇಕು. ಊರಿನ ಅಂಗಡಿಯೊಂದರಲ್ಲಿ ಗಿಟಾರಿನ ಉಕ್ಕಿನ ತಂತಿ ತೋರಿಸಿ, “ಇದನ್ನ ಹಾಕ್ರಿ, ನಡೀತದ” ಅಂದರು. ದಯವಿಟ್ಟು ಹಾಕಬೇಡಿ. ಯುಕುಲೇಲೆಯ ಹಲಗೆ ತೆಳು, ಅದನ್ನು ಮಾಡೋದೇ ನೈಲಾನಿನಂಥ ಮೆದು ತಂತಿಗೆ. ಉಕ್ಕಿನ ಸೆಳೆತಕ್ಕೆ ತಂತಿಯ ಬುಡ ಕಟ್ಟುವ ಕುದುರೆಯೇ (ಬ್ರಿಡ್ಜ್) ಕಿತ್ತು ಬರಬಹುದು.

ನನ್ನದು ಕಾನ್ಸರ್ಟ್ ಅಳತೆಯದು, ತಂತಿ ಮಿಡಿಯುವ ಉದ್ದ ಸುಮಾರು 38 ಸೆಂ.ಮೀ. ಸೊಪ್ರಾನೊ ಇದಕ್ಕಿಂತ ಚಿಕ್ಕದು, ಟೆನರ್ ಸುಮಾರು 43. ತಂತಿಯ ಪ್ಯಾಕೆಟ್ ಮೇಲೆ ಯಾವ ಅಳತೆಯ ವಾದ್ಯಕ್ಕೆ ಅಂತ ಬರೆದಿರುತ್ತದೆ, ನೋಡಿಯೇ ಕೊಳ್ಳಿ.

ಸಿ, ಇ, ಎ ಮೂರು ತಂತಿಗೆ ನಾನು ಆರಿಸಿಕೊಂಡದ್ದು ಫ್ಲೋರೊಕಾರ್ಬನ್. ಮೀನಿನ ಗಾಳಕ್ಕೆ ಬಳಸುವ ದಾರವೂ ಇದರದ್ದೇ ಇರುತ್ತದೆ. ನೈಲಾನಿಗಿಂತ ಸಾಂದ್ರತೆ ಜಾಸ್ತಿ, ಹಾಗಾಗಿ ಅದೇ ಸ್ವರಕ್ಕೆ ತೆಳ್ಳಗಿನ ತಂತಿ ಸಾಕು. ದನಿ ಸ್ಪಷ್ಟ, ಗುಂಗು ಹೆಚ್ಚು ಹೊತ್ತು ನಿಲ್ಲುತ್ತದೆ. ನೈಲಾನಿನ ದನಿ ಮೆದು, ಅದೂ ನನಗೆ ಇಷ್ಟವೇ. ಆದರೆ ನೈಲಾನ್ ತೇವ ಹೀರುತ್ತದೆ. ನಮ್ಮೂರಿನ ಜುಲೈ ಮಳೆಯಲ್ಲಿ ಹಾಡಿನ ನಡುವೆಯೇ ಶ್ರುತಿ ಇಳಿಯುತ್ತಿತ್ತು. ಫ್ಲೋರೊಕಾರ್ಬನ್ ತೇವ ಹೀರೋದು ತೀರಾ ಕಡಿಮೆ. ಬೆಳಗಾವಿಯ ಮಳೆಗಾಲಕ್ಕೆ ನಾನು ಬೇರೆ ಯಾವುದನ್ನೂ ಹಾಕಲ್ಲ.

ಮಂದ್ರ ಪಂಚಮಕ್ಕೆ ಕ್ಲಾಸಿಕಲ್ ಗಿಟಾರಿನ ನಾಲ್ಕನೇ ತಂತಿ, ಅಂದರೆ ಡಿ ತಂತಿ, ಚೆನ್ನಾಗಿ ಹೊಂದುತ್ತದೆ. ಒಳಗೆ ನೈಲಾನ್ ಎಳೆಗಳು, ಮೇಲೆ ತೆಳು ಲೋಹದ ಸುತ್ತು. ಆ ಸೆಟ್ ಗಿಟಾರ್ ಮಾರುವ ಅಂಗಡಿಯಲ್ಲೇ ಸಿಗುತ್ತದೆ. ಬೆರಳು ಜಾರಿಸಿದಾಗ ಒಂಚೂರು ಕಿರ್ ಅನ್ನುತ್ತದೆ, ಅಷ್ಟೆ.

ತಂತಿಗಳನ್ನು ಒಂದೊಂದಾಗಿಯೇ ಬದಲಿಸಿ. ನನ್ನ ಕುದುರೆಯಲ್ಲಿ ತೂತುಗಳಿವೆ. ತಂತಿಯನ್ನು ತೂತಿನಲ್ಲಿ ತೂರಿಸಿ, ಮೇಲಿಂದ ಹಿಂದಕ್ಕೆ ತಂದು, ಅದರ ಬುಡದಡಿಯಲ್ಲೇ ಹಾಯಿಸಿ ಸುತ್ತಬೇಕು. ಎ ತಂತಿ ತೆಳ್ಳಗೆ, ನುಣುಪು, ಸುಮ್ನೆ ಜಾರಿಬಿಡುತ್ತದೆ. ಅದಕ್ಕೆ ಒಂದು ಸುತ್ತು ಜಾಸ್ತಿ ಹಾಕಿ. ಕೊನೆಯ ಸುತ್ತು ಕುದುರೆಯ ಹಿಂದಿನ ಅಂಚಿನ ಕೆಳಗೆ ಸಿಕ್ಕಿಕೊಂಡಿರಬೇಕು. ಬಿರಡೆ ತಿರುವುವಾಗ ಗಂಟನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ.

ಎಲ್ಲಕ್ಕಿಂತ ನಾಜೂಕಿನ ಕೆಲಸ ತಲೆಯ ಕಡೆ, ತಂತಿ ಕೂರುವ ಸಣ್ಣ ಕಚ್ಚಿನಲ್ಲಿ. ಅದನ್ನು ಕೊರೆದಿರೋದು ತೆಳು ತಂತಿಗೆ. ದಪ್ಪ ತಂತಿ ಅದರೊಳಗೆ ಇಳಿಯದೆ ಮೇಲೆಯೇ ಕೂತರೆ, ಮೊದಲ ಮನೆ (ಫ್ರೆಟ್) ಒತ್ತಿದಾಗ ಸ್ವರ ಏರಿಬಿಡುತ್ತದೆ. ನಯವಾದ ಸ್ಯಾಂಡ್ ಪೇಪರ್ ಮಡಚಿ ಕಚ್ಚಿನ ಅಗಲ ಮಾತ್ರ ಹೆಚ್ಚಿಸುತ್ತಾ ಹೋದೆ. ನಾಲ್ಕು ಸಲ ಉಜ್ಜಿ, ತಂತಿ ಕೂರಿಸಿ, ಮೀಟಿ, ಮತ್ತೆ ಉಜ್ಜಬೇಕು. ಆಳ ಜಾಸ್ತಿಯಾದರೆ ತಂತಿ ಮೊದಲ ಫ್ರೆಟ್‌ಗೆ ತಾಗಿ ಗೊರಗೊರ ಅನ್ನುತ್ತದೆ. ಆಮೇಲೆ ಹನ್ನೆರಡನೇ ಮನೆ ಒತ್ತಿ ನೋಡಿ. ಬಿಟ್ಟ ತಂತಿಯ ಸ್ವರವೇ ಒಂದು ಸಪ್ತಕ ಮೇಲೆ ಬಂದರೆ ತಂತಿ ಹೊಂದಿದೆ ಅಂತ ಅರ್ಥ.

ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಮತ್ತೆ ಮತ್ತೆ ಶ್ರುತಿ ಮಾಡಬೇಕು. ಈಗ ಹಾಡುವಾಗ ಜಿ, ಸಿ ಎರಡನ್ನೇ ಮೀಟುತ್ತಾ ಕೂತರೆ ಪ, ಸ ತುಂಬಿ ಬರುತ್ತದೆ.

ಬಿಳಿ ಐದರಲ್ಲಿ ಹಾಡುವವರಿಗೆ ಇಷ್ಟೆಲ್ಲ ಕೆಲಸವೇ ಬೇಡ. ಟೆನರ್‌ಗಿಂತ ದೊಡ್ಡದಾದ ಬ್ಯಾರಿಟೋನ್ ಯುಕುಲೇಲೆಯ ತಂತಿಗಳು ಡಿ, ಜಿ, ಬಿ, ಇ. ಅಲ್ಲಿ ಜಿ ಷಡ್ಜ ಆದರೆ, ಅದರ ಕೆಳಗಿನ ಡಿ ತಂತಿಯೇ ಮಂದ್ರ ಪಂಚಮ.