ನ್ಯಾಟೊ ದೇಶಗಳ ರಕ್ಷಣಾ ವೆಚ್ಚದ ಪಟ್ಟಿಯನ್ನು ಓದುವುದು ಹೇಗೆ

ಅಮೆರಿಕ, ಕೆನಡಾ ಮತ್ತು ಯುರೋಪಿನ ಹಲವು ದೇಶಗಳ ಸೇನಾ ಒಕ್ಕೂಟವಾದ ನ್ಯಾಟೊದ ಶೃಂಗಸಭೆ ಬಂತೆಂದರೆ ಯಾವ ದೇಶದ ರಕ್ಷಣಾ ವೆಚ್ಚ ಜಿಡಿಪಿಯ ಶೇ 2 ದಾಟಿತು, ಯಾವುದು ಹಿಂದೆ ಬಿತ್ತು ಎಂಬ ಸುದ್ದಿಗಳು ಸಾಲುಗಟ್ಟುತ್ತವೆ. ಅದೊಂದೇ ಸಂಖ್ಯೆಯನ್ನು ಹಿಡಿದು ದೇಶದ ಸೇನಾಬಲ ಅಳೆಯಹೊರಟರೆ ಖಂಡಿತ ಎಡವುತ್ತೀರಿ. ಸದಸ್ಯ ದೇಶಗಳ ವೆಚ್ಚದ ಪಟ್ಟಿಯನ್ನು ನ್ಯಾಟೊ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಅದನ್ನು ಎದುರಿಗೆ ತೆರೆದಿಟ್ಟುಕೊಂಡು ಮುಂದೆ ಓದಿ.

ಮೊದಲು, ಯಾವ ಹಣ ಎಂದು ಕೇಳಿ

‘ನ್ಯಾಟೊಗೆ ಬಾಕಿ ಕಟ್ಟಿಲ್ಲ’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಇಲ್ಲಿ ಎರಡು ಬೇರೆಬೇರೆ ಲೆಕ್ಕಗಳಿವೆ. ಒಂದು, ಕೇಂದ್ರ ಕಚೇರಿ, ಜಂಟಿ ಕಮಾಂಡ್‌ಗಳು ಮತ್ತು ಸಾಮಾನ್ಯ ಮೂಲಸೌಕರ್ಯಕ್ಕೆ ಎಲ್ಲರೂ ಸೇರಿ ತುಂಬುವ ಸಾಮಾನ್ಯ ನಿಧಿ. ದೇಶದ ಆದಾಯವನ್ನು ಆಧರಿಸಿದ ಸೂತ್ರದಂತೆ ಇದರ ಪಾಲು ನಿಗದಿಯಾಗುತ್ತದೆ. 2024–25ರಲ್ಲಿ ಅಮೆರಿಕ ಮತ್ತು ಜರ್ಮನಿ ತಲಾ ಸುಮಾರು ಶೇ 16ರಷ್ಟು ಹೊತ್ತವು. ಸದಸ್ಯರ ಒಟ್ಟು ರಕ್ಷಣಾ ವೆಚ್ಚದ ಮುಂದೆ ಈ ನಿಧಿ ಶೇ 1ರಷ್ಟೂ ಅಲ್ಲ. ಇನ್ನೊಂದು, ಪ್ರತಿ ದೇಶ ತನ್ನ ಸೇನೆಗೆ ತಾನೇ ಮಾಡುವ ಖರ್ಚು. ಶೇ 2ರ ಮಾತೆಲ್ಲ ಈ ಎರಡನೆಯದರ ಬಗ್ಗೆ. ಗುರಿ ಮುಟ್ಟದ ದೇಶ ಯಾರಿಗೂ ಸಾಲಗಾರನಲ್ಲ.

ಗುರಿಯ ಒಕ್ಕಣೆಯನ್ನು ಓದಿ

ನ್ಯಾಟೊವನ್ನು ಹುಟ್ಟುಹಾಕಿದ 1949ರ ವಾಷಿಂಗ್ಟನ್ ಒಪ್ಪಂದದಲ್ಲಿ ಶೇಕಡಾವಾರು ಗುರಿಯೇ ಇಲ್ಲ. ದಾಳಿಯನ್ನು ಎದುರಿಸುವ ಶಕ್ತಿಯನ್ನು ಪ್ರತಿ ದೇಶ ಉಳಿಸಿ ಬೆಳೆಸಿಕೊಳ್ಳಬೇಕು ಎಂದು 3ನೇ ವಿಧಿ ಹೇಳುತ್ತದೆ, ಅಷ್ಟೆ. ಶೇಕಡಾ ಗುರಿಗಳು ಶೃಂಗಸಭೆಯ ಘೋಷಣೆಗಳಿಂದ ಬಂದವು, ಅವುಗಳ ಕ್ರಿಯಾಪದಗಳು ಬದಲಾಗುತ್ತ ಹೋಗಿವೆ. 2014ರ ವೇಲ್ಸ್ ಸಭೆಯಲ್ಲಿ ಹಿಂದುಳಿದ ದೇಶಗಳು ಹತ್ತು ವರ್ಷಗಳಲ್ಲಿ ಶೇ 2ರತ್ತ ‘ಸಾಗುವ’ ಉದ್ದೇಶವನ್ನಷ್ಟೇ ಹೇಳಿದವು. 2023ರ ವಿಲ್ನಿಯಸ್‌ನಲ್ಲಿ ಅದು ‘ಕನಿಷ್ಠ ಶೇ 2’ ಆಯಿತು. 2025ರ ಹೇಗ್ ಘೋಷಣೆಯಲ್ಲಿ 2035ರೊಳಗೆ ಜಿಡಿಪಿಯ ಶೇ 5: ಅದರಲ್ಲಿ ಕನಿಷ್ಠ 3.5 ನೇರ ರಕ್ಷಣೆಗೆ; ಗರಿಷ್ಠ 1.5 ಮೂಲಸೌಕರ್ಯ, ಜಾಲ ಸುರಕ್ಷತೆ, ನಾಗರಿಕ ಸನ್ನದ್ಧತೆ, ರಕ್ಷಣಾ ಉದ್ಯಮದಂಥವಕ್ಕೆ. 2029ರಲ್ಲಿ ಮರುಪರಿಶೀಲನೆ ಇದೆ. ಹಾಗಾಗಿ ಪತ್ರಿಕೆಯಲ್ಲಿ ‘ಶೇ 5’ ಕಂಡರೆ ಅದು 3.5ರ ಮಾತೋ ಒಟ್ಟು ಮೊತ್ತದ ಮಾತೋ ಎಂದು ಮೊದಲು ಬಿಡಿಸಿಕೊಳ್ಳಿ. ಈ ಎರಡನ್ನೂ ಬೆರೆಸಿ ದೇಶಗಳನ್ನು ಹೋಲಿಸುವುದು ಈಗ ಅತಿ ಸಾಮಾನ್ಯವಾದ ತಪ್ಪು.

ಏನೇನು ಲೆಕ್ಕಕ್ಕೆ ಬರುತ್ತದೆ

ದೇಶದ ಬಜೆಟ್‌ನಲ್ಲಿರುವ ರಕ್ಷಣಾ ಸಚಿವಾಲಯದ ಮೊತ್ತಕ್ಕೂ ನ್ಯಾಟೊ ಪಟ್ಟಿಯ ಮೊತ್ತಕ್ಕೂ ತಾಳೆಯಾಗದಿದ್ದರೆ ಗಾಬರಿ ಬೇಡ, ಆಗಬೇಕಾಗಿಯೂ ಇಲ್ಲ. ನೇರ ರಕ್ಷಣಾ ವೆಚ್ಚದ ನ್ಯಾಟೊ ವ್ಯಾಖ್ಯೆಯಲ್ಲಿ ನಿವೃತ್ತ ಸೈನಿಕರ ಪಿಂಚಣಿ ಸೇರುತ್ತದೆ. ಗಡಿ ಕಾವಲು ಪಡೆ, ಸಶಸ್ತ್ರ ಪೊಲೀಸ್ ಪಡೆಗಳ ಖರ್ಚು ಸೇರಬೇಕಾದರೆ ಅವು ಸೇನಾ ತರಬೇತಿ ಪಡೆದು, ಸೇನೆಯಂತೆ ಸಜ್ಜಾಗಿ, ಸೇನಾಧಿಕಾರಿಗಳ ಕೈಕೆಳಗೆ ದೇಶದ ಹೊರಗೂ ಹೋಗಬಲ್ಲವಾಗಿರಬೇಕು. ಯುದ್ಧಹಾನಿಯ ಪರಿಹಾರವಾಗಲಿ ನಾಗರಿಕ ರಕ್ಷಣೆಯ ಖರ್ಚಾಗಲಿ ಸೇರುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ: ಪಟ್ಟಿಗೆ ಬರುವುದು ನಿಜವಾಗಿ ಪಾವತಿಯಾದ ಹಣ. 2022ರ ಫೆಬ್ರುವರಿಯಲ್ಲಿ ಜರ್ಮನಿ 100 ಶತಕೋಟಿ ಯೂರೊಗಳ ವಿಶೇಷ ನಿಧಿ ಘೋಷಿಸಿತು. ಆ ಮೊತ್ತ ಅದೇ ವರ್ಷದ ಸಾಲಿನಲ್ಲಿ ಕಾಣಿಸಲಿಲ್ಲ. ಗುತ್ತಿಗೆಗೆ ಸಹಿ ಬಿದ್ದು, ಕಂತು ಪಾವತಿಯಾದಂತೆ ವರ್ಷಗಳ ಮೇಲೆ ಹರಡಿಕೊಂಡಿತು. ಘೋಷಣೆಯ ವರ್ಷವನ್ನೇ ಖರ್ಚಿನ ವರ್ಷವೆಂದು ಹಿಡಿದರೆ ಹಣ ಎಲ್ಲಿ ಹೋಯಿತೆಂದು ಹುಡುಕುತ್ತ ಕೂರಬೇಕಾಗುತ್ತದೆ.

ಛೇದವನ್ನು ಪರೀಕ್ಷಿಸಿ

ಛೇದ ಎಂದರೆ ಇಲ್ಲಿ ಜಿಡಿಪಿ. ಒಂದು ದೇಶದ ಜಿಡಿಪಿ 400 ಶತಕೋಟಿ, ರಕ್ಷಣೆಗೆ 8 ಶತಕೋಟಿ ಎಂದಿಟ್ಟುಕೊಳ್ಳಿ: ಸರಿಯಾಗಿ ಶೇ 2. ಮರುವರ್ಷ ಆರ್ಥಿಕತೆ ಕುಸಿದು ಜಿಡಿಪಿ 360ಕ್ಕೆ ಇಳಿಯಿತು, ಸರ್ಕಾರ ರಕ್ಷಣೆಯನ್ನೂ 7.5ಕ್ಕೆ ಇಳಿಸಿತು. ಈಗ ಶೇ 2.08! ಸೇನೆಗೆ 50 ಕೋಟಿ ಕಡಿಮೆ ಸಿಕ್ಕಿತು, ಪಟ್ಟಿಯಲ್ಲಿ ದೇಶ ಮೇಲೇರಿತು. 2009ರ ನಂತರದ ಬಿಕ್ಕಟ್ಟಿನಲ್ಲಿ ಗ್ರೀಸ್‌ಗೆ ಆದದ್ದು ಇದೇ ಬಗೆಯದು. ವೆಚ್ಚ ತೀವ್ರವಾಗಿ ಕಡಿತವಾದರೂ ಅದು ಶೇ 2ರ ಗೆರೆಯ ಮೇಲೆಯೇ ಉಳಿಯಿತು. ಆದ್ದರಿಂದ ಶೇಕಡಾ ಕೋಷ್ಟಕ ನೋಡಿದ ಕೂಡಲೇ ಮೊತ್ತದ ಕೋಷ್ಟಕಕ್ಕೆ ಹೋಗಿ.

ಮೊತ್ತದ ಕೋಷ್ಟಕಗಳಲ್ಲೂ ಚಾಲ್ತಿ ಬೆಲೆ (ಆಯಾ ವರ್ಷದ ಬೆಲೆಯಲ್ಲಿ), ಸ್ಥಿರ ಬೆಲೆ (ಬೆಲೆಯೇರಿಕೆಯನ್ನು ಕಳೆದು) ಎಂದು ಎರಡು ಬಗೆ. ಒಂದೇ ದೇಶದ ಹಲವು ವರ್ಷಗಳನ್ನು ಹೋಲಿಸಲು ಸ್ಥಿರ ಬೆಲೆಯದನ್ನೇ ಬಳಸಿ: ವೆಚ್ಚ ಶೇ 5 ಏರಿ, ಬೆಲೆಗಳು ಶೇ 6 ಏರಿದ್ದರೆ ಸೇನೆಯ ಕೊಳ್ಳುವ ಶಕ್ತಿ ಇಳಿದಿದೆ ಎಂದೇ ಅರ್ಥ. ಡಾಲರ್‌ನಲ್ಲಿ ಕೊಟ್ಟ ಚಾಲ್ತಿ ಬೆಲೆಯ ಮೊತ್ತದಲ್ಲಿ ವಿನಿಮಯ ದರದ ಏರಿಳಿತವೂ ಬೆರೆತಿರುತ್ತದೆ. ವರ್ಷದ ಪಕ್ಕದಲ್ಲಿ ಇಂಗ್ಲಿಷಿನ ‘e’ ಅಕ್ಷರವಿದ್ದರೆ ಅದು ಅಂದಾಜು. ಜಿಡಿಪಿ ಅಂಕಿಗಳು ಪರಿಷ್ಕರಣೆಯಾದಾಗ ಹಳೆಯ ಶೇಕಡಾಗಳೂ ಬದಲಾಗುವುದರಿಂದ ಎರಡು ಬೇರೆ ವರ್ಷಗಳ ವರದಿಗಳಿಂದ ಅಂಕಿ ಎತ್ತಿ ಒಂದೇ ಸಾಲಿನಲ್ಲಿ ಜೋಡಿಸಬೇಡಿ. ಇತ್ತೀಚಿನ ಒಂದೇ ವರದಿಯಿಂದ ಪೂರ್ತಿ ಸಾಲನ್ನು ತೆಗೆದುಕೊಳ್ಳಿ.

ಸಲಕರಣೆಯ ಪಾಲು

ನಮ್ಮ ಮಟ್ಟಿಗೆ ಇಡೀ ವರದಿಯಲ್ಲಿ ಅತಿ ಹೆಚ್ಚು ವಿಷಯ ಹೇಳುವ ಕೋಷ್ಟಕ ಇದೇ. ವೆಚ್ಚವನ್ನು ಅದು ಸಲಕರಣೆ, ಸಿಬ್ಬಂದಿ, ಮೂಲಸೌಕರ್ಯ, ಇತರೆ ಎಂದು ನಾಲ್ಕಾಗಿ ಒಡೆಯುತ್ತದೆ. ವೇಲ್ಸ್‌ನಲ್ಲೇ ಎರಡನೇ ಗುರಿಯೊಂದು ಇತ್ತು: ಒಟ್ಟು ವೆಚ್ಚದ ಶೇ 20 ಅಥವಾ ಅದಕ್ಕಿಂತ ಹೆಚ್ಚು ಪಾಲು ಪ್ರಮುಖ ಸಲಕರಣೆ ಮತ್ತು ಅದರ ಸಂಶೋಧನೆಗೆ. ಇದು ಸುದ್ದಿಯಾಗುವುದು ಅಪರೂಪ. ಸಿಬ್ಬಂದಿ ಪಾಲು ಶೇ 60–70 ಇದ್ದರೆ ಹಣದ ಬಹುಪಾಲು ಸಂಬಳ, ಪಿಂಚಣಿಗೇ ಹೋಗುತ್ತಿದೆ. ಮದ್ದುಗುಂಡು, ಬಿಡಿಭಾಗ, ತರಬೇತಿಗೆ ಉಳಿಯುವುದು ಕಡಿಮೆ. ಹಾಗೆಂದು ಸಲಕರಣೆಯ ಪಾಲು ಒಮ್ಮೆಲೇ ಜಿಗಿದರೂ ಎಚ್ಚರ ಬೇಕು. ಒಂದು ದೊಡ್ಡ ವಿಮಾನ ಖರೀದಿಯ ಕಂತು ಸಣ್ಣ ದೇಶದ ಸಾಲನ್ನು ಒಂದೆರಡು ವರ್ಷ ಉಬ್ಬಿಸಬಲ್ಲದು. ಕನಿಷ್ಠ ಐದು ವರ್ಷಗಳ ಸರಾಸರಿ ತೆಗೆಯಿರಿ.

ಅಮೆರಿಕದ ಸಾಲನ್ನು ಪ್ರತ್ಯೇಕವಾಗಿಯೇ ಓದಬೇಕು. ಪೆಸಿಫಿಕ್ ಸೇರಿ ಜಗತ್ತಿನಾದ್ಯಂತ ಅದು ಮಾಡುವ ಖರ್ಚೆಲ್ಲ ಅಲ್ಲಿ ಬರುತ್ತದೆ, ಅದರಲ್ಲಿ ಯುರೋಪಿನ ರಕ್ಷಣೆಗೆ ಎಷ್ಟು ಎಂದು ಪಟ್ಟಿ ಬಿಡಿಸಿ ಹೇಳುವುದಿಲ್ಲ. ಸ್ವಂತ ಸೇನೆಯಿಲ್ಲದ ಐಸ್‌ಲ್ಯಾಂಡ್ ಪಟ್ಟಿಯಲ್ಲಿ ಸಿಗುವುದಿಲ್ಲ.

ಕೊನೆಯದಾಗಿ, ಯಾವ ದೇಶ ಎಷ್ಟು ಬ್ರಿಗೇಡ್, ಎಷ್ಟು ವಾಯುರಕ್ಷಣಾ ವ್ಯವಸ್ಥೆ ಒದಗಿಸಬೇಕು ಎಂಬ ಸಾಮರ್ಥ್ಯ ಗುರಿಗಳು ಬೇರೆಯೇ ಇವೆ, ಅವುಗಳ ವಿವರ ಗೋಪ್ಯ. ತನ್ನ ಪಾಲಿನ ಸಾಮರ್ಥ್ಯ ಗುರಿಗಳಿಗೆ ಶೇ 2.1 ಸಾಕು ಎಂದು 2025ರಲ್ಲಿ ಸ್ಪೇನ್ ವಾದಿಸಿದ್ದು ಈ ನೆಲೆಯಲ್ಲೇ. ಇಂಥ ವಾದ ಕಂಡಾಗ ಶೇಕಡಾ ಕೋಷ್ಟಕದಲ್ಲಿ ಉತ್ತರ ಹುಡುಕಬೇಡಿ. ಆ ದೇಶದ ಸಂಸತ್ತಿಗೆ ಸಲ್ಲಿಸಿದ ಖರೀದಿ ಯೋಜನೆ ಮತ್ತು ಲೆಕ್ಕಪರಿಶೋಧಕರ ವರದಿಗಳನ್ನು ತೆರೆಯಿರಿ. ಯಾವ ಘಟಕ ಯಾವ ವರ್ಷಕ್ಕೆ ಸಜ್ಜಾಗುತ್ತದೆ ಎಂಬ ಮಾಹಿತಿ ಬಹಿರಂಗವಾಗಿದ್ದರೆ ಅಲ್ಲೇ ಇರುತ್ತದೆ.