ಇಂಜಿನ್ ಬಿಚ್ಚಿದ್ಮೇಲೆ ಯಾವುದನ್ನ ಬದಲಾಯಿಸ್ದೆ, ಯಾವುದನ್ನ ಬಿಟ್ಟೆ: ನನ್ನ ಅನುಭವ

ವಾರಕ್ಕೊಂದ್ಸಲ ಕೂಲೆಂಟ್ (ಇಂಜಿನ್ ತಣ್ಣಗಿಡೋ ನೀರು) ಹಾಕೋ ಹಾಗಾದಾಗ್ಲೇ ನಂಗೆ ಡೌಟ್ ಬಂದಿತ್ತು, ಆದ್ರೆ ಗಾಡಿ ಕೆಳಗೆ ಒಂದು ಹನಿ ಸೋರಿರ್ಲಿಲ್ಲ, ಹಂಗಾಗಿ ನೋಡೋಣ ಅಂತ ಮುಂದೂಡ್ತಾ ಬಂದೆ. ಒಂದಿನ ಏರು ಹತ್ತೋವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ಪಕ್ಕಕ್ಕೆ ಹಾಕಿ ತಕ್ಷಣ ಆಫ್ ಮಾಡ್ದೆ. ತಣ್ಣಗಾದ್ಮೇಲೆ ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಒಳಗಡೆ ಬಿಳಿ ಕೆನೆ ಥರ ಅಂಟಿತ್ತು. ಅಂದ್ರೆ ಆಯಿಲ್‌ಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದ್ರ ಮೇಲಿನ ಹೆಡ್‌ಗೂ ಮಧ್ಯೆ ಇರೋ ಪ್ಯಾಕಿಂಗ್) ಹೋಗಿರ್ಬೇಕು.

ತೋರಿಸಿದ ಮೊದಲ ಮೆಕ್ಯಾನಿಕ್ ನೋಡಿದ್ದೇ ತಡ, 'ಫುಲ್ ಇಂಜಿನ್ ಮಾಡ್ಬಿಡಿ ಸಾರ್, ಹೆಂಗೂ ಬಿಚ್ತೀವಲ್ಲ, ರಿಂಗು, ಬೇರಿಂಗು, ಪಿಸ್ಟನ್ನು ಎಲ್ಲಾ ಹೊಸದು ಹಾಕ್ಬಿಡೋಣ' ಅಂದ್ರು. ಅವ್ರು ಕೆಟ್ಟವ್ರೇನಲ್ಲ, ವಾಪಸ್ ಬರೋ ಗಾಡಿ ಅವ್ರಿಗೂ ತಲೆನೋವೇ. ಆದ್ರೆ ಅಳತೆ ತೆಗೀದೆ 'ಎಲ್ಲಾ ಹಾಕ್ಬಿಡಿ' ಅನ್ನೋದು ನಂಗೆ ಒಪ್ಪಿಗೆ ಆಗ್ಲಿಲ್ಲ, ಸ್ವಲ್ಪ ಕೈಕೆಲಸ ಗೊತ್ತಿತ್ತು, ಟೂಲ್ಸ್ ಇತ್ತು, ನಾನೇ ಮಾಡ್ತೀನಿ ಅಂತ ಕೂತೆ.

ಬಿಚ್ಚೋಕೆ ಮುಂಚೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಬರೋ ಒತ್ತಡ) ನೋಡ್ದೆ. 1ನೇ ಸಿಲಿಂಡರ್ 170, 4ನೇದು 168 ಪಿಎಸ್‌ಐ, ನಡುವಿನ 2 ಮತ್ತು 3 ಮಾತ್ರ 95ರ ಹತ್ರ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ರೆ ಸಾಮಾನ್ಯವಾಗಿ ಅವೆರಡರ ಮಧ್ಯದ ಗ್ಯಾಸ್ಕೆಟ್ ಸುಟ್ಟಿರುತ್ತೆ. ಆದ್ರೂ ಪಿಸ್ಟನ್ ಸುತ್ತ ಕೂರೋ ರಿಂಗ್ ಸವೆದಿರಬಹುದಾ ಅಂತ ಆ ಎರಡಕ್ಕೂ ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡ್ದೆ. ರಿಂಗ್ ಸವೆದಿದ್ರೆ ಆಯಿಲ್ ಸಂದು ಮುಚ್ಚಿ ರೀಡಿಂಗ್ ಮೇಲೇರ್ಬೇಕು, ನಂದು ಏರಲೇ ಇಲ್ಲ. ಹೊಸ ರಿಂಗ್ ಬೇಡ ಅನ್ನೋದು ಅರ್ಧ ಅಲ್ಲೇ ತೀರ್ಮಾನ ಆಯ್ತು.

ಹೆಡ್ ಎತ್ತಿದ್ಮೇಲೆ ಉಳಿದ ಅರ್ಧ. ಬೋರ್ (ಪಿಸ್ಟನ್ ಓಡಾಡೋ ಕೊಳವೆ) ಗೋಡೆ ಮೇಲೆ ಕಂಪನಿ ಹಾಕಿದ ಅಡ್ಡಗೆರೆ ಇನ್ನೂ ಸ್ಪಷ್ಟ ಕಾಣ್ತಿತ್ತು, ಮೇಲ್ಗಡೆ ರಿಂಗ್ ನಿಲ್ಲೋ ಜಾಗದಲ್ಲಿ ಉಗುರಿಗೆ ಸಿಗೋ ಅಂಚು ಇರ್ಲಿಲ್ಲ, ಬೋರ್ ಗೇಜ್‌ನಲ್ಲಿ ಮೇಲೆ, ಮಧ್ಯ, ಕೆಳಗೆ ಎರಡೆರಡು ದಿಕ್ಕಲ್ಲಿ ಅಳೆದ್ರೂ ಮ್ಯಾನ್ಯುಯಲ್ ಲಿಮಿಟ್ ಒಳಗೇ ಇತ್ತು. ಇಂಥ ಬೋರ್‌ಗೆ ಹೋನಿಂಗ್ (ಗೋಡೆಗೆ ಮತ್ತೆ ಗೆರೆ ಬೀಳೋ ಹಾಗೆ ಉಜ್ಜೋದು) ಮಾಡದೆ ಸುಮ್ನೆ ಹೊಸ ರಿಂಗ್ ತುರುಕಿದ್ರೆ ಅದು ಗೋಡೆಗೆ ಸರಿಯಾಗಿ ಕೂರೋದೇ ಕಷ್ಟ, ಆಮೇಲೆ ಇರದೇ ಇದ್ದ ಆಯಿಲ್ ಕುಡಿಯೋ ಕಾಯಿಲೆ ಶುರುವಾಗುತ್ತೆ. ಪಿಸ್ಟನ್ ಮುಟ್ಟಲೇ ಇಲ್ಲ.

ನಂಗೆ ನಿದ್ದೆ ಕೆಡಿಸಿದ್ದು ಬೇರಿಂಗ್. ಕೂಲೆಂಟ್ ಬೆರೆತ ಆಯಿಲ್‌ನಲ್ಲಿ ಓಡಿಸಿದ್ರೆ ಮೊದಲು ಹಾಳಾಗೋದು, ಪಿಸ್ಟನ್ನನ್ನ ಕ್ರ್ಯಾಂಕ್‌ಗೆ (ಇಂಜಿನ್‌ನ ಮುಖ್ಯ ತಿರುಗೋ ದಂಡ) ಜೋಡಿಸೋ ಕನೆಕ್ಟಿಂಗ್ ರಾಡ್ ಬೇರಿಂಗ್‌ನ ಮೇಲ್ಪದರ, ಅದು ಶಬ್ದ ಮಾಡೋ ಹೊತ್ತಿಗೆ ಕ್ರ್ಯಾಂಕ್ ಕೂಡ ಗೀರು ಬಿದ್ದಿರುತ್ತೆ. ಸಂಪ್ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ ಎರಡು ರಾಡ್ ಕ್ಯಾಪ್ ಬಿಚ್ಚಿ ನೋಡ್ದೆ. ಬೂದು ಬಣ್ಣದ ಪದರ ಹಾಗೇ ಇತ್ತು, ಪದರ ಸವೆದ್ರೆ ಕಾಣೋ ತಾಮ್ರ ಬಣ್ಣ ಎಲ್ಲೂ ಕಾಣ್ಲಿಲ್ಲ. ಕಣ್ಣಿಗೆ ಚೆನ್ನಾಗಿದೆ ಅಂತ ನಂಬೋಕಾಗಲ್ಲ, ಪ್ಲಾಸ್ಟಿಗೇಜ್ ಇಟ್ಟೆ. ಅದೊಂದು ತೆಳ್ಳನೆ ಪ್ಲಾಸ್ಟಿಕ್ ಎಳೆ, ಕ್ರ್ಯಾಂಕ್ ಮೇಲೆ ಉದ್ದಕ್ಕಿಟ್ಟು ಕ್ಯಾಪನ್ನ ಮ್ಯಾನ್ಯುಯಲ್ ಹೇಳೋ ಬಿಗಿತಕ್ಕೆ, ಅಂದ್ರೆ ಟಾರ್ಕ್‌ಗೆ ಬಿಗಿದು (ಆಗ ಕ್ರ್ಯಾಂಕ್ ತಿರುಗಿಸ್ಬಾರ್ದು), ಮತ್ತೆ ಬಿಚ್ಚಿ, ಎಳೆ ಎಷ್ಟು ಅಗಲ ಚಪ್ಪಟೆ ಆಗಿದೆ ಅಂತ ಕವರ್ ಮೇಲಿನ ಸ್ಕೇಲ್ ಜೊತೆ ಹೋಲಿಸೋದು. ಬೇರಿಂಗ್ ಸಂದು 0.04 ಮಿಲಿಮೀಟರ್ ಬಂತು, ಲಿಮಿಟ್ ಒಳಗೆ. ಮುಳ್ಳು ಏರಿದ ತಕ್ಷಣ ನಿಲ್ಲಿಸದೆ ಇನ್ನೊಂದು ಹತ್ತು ಕಿಲೋಮೀಟರ್ ಎಳೆದಿದ್ರೆ ಈ ರೀಡಿಂಗ್ ಬರ್ತಿರ್ಲಿಲ್ಲ ಅನ್ಸುತ್ತೆ. ಹಳೇ ಬೇರಿಂಗೇ ವಾಪಸ್, ರಾಡ್ ಬೋಲ್ಟ್ ಮಾತ್ರ ಹೊಸದು, ಯಾಕಂದ್ರೆ ನನ್ನ ಇಂಜಿನ್‌ನಲ್ಲಿ ಅದನ್ನ ಎರಡನೇ ಸಲ ಬಳಸ್ಬಾರ್ದು ಅಂತ ಮ್ಯಾನ್ಯುಯಲ್‌ನಲ್ಲೇ ಇದೆ.

ಹೆಡ್ ಬೋಲ್ಟ್ ವಿಷ್ಯದಲ್ಲಂತೂ ಅಳತೆಯ ಪ್ರಶ್ನೆನೇ ಇಲ್ಲ, ಎಲ್ಲಾ ಹೊಸದೇ. ಟಾರ್ಕ್ ಕೊಟ್ಟು ಆಮೇಲೆ 90 ಡಿಗ್ರಿ ತಿರುಗಿಸಿ ಬಿಗಿಯೋ ಜಾತಿಯವು ಇವು, ಬಿಗಿಯೋವಾಗ್ಲೇ ಹಿಗ್ಗುತ್ತೆ. ಅದೇ ಬೋಲ್ಟ್ ಮತ್ತೆ ಹಾಕಿದ್ರೆ ಬಿಗಿ ಹಿಡಿತ ಸಿಗದೆ ಹೊಸ ಗ್ಯಾಸ್ಕೆಟ್ಟೂ ಹೋಗಬಹುದು.

ಹೆಡ್ ಮೇಲೆ ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಇಟ್ರೆ 2 ಮತ್ತು 3ರ ಮಧ್ಯೆ 0.10 ಮಿಲಿಮೀಟರ್ ಫೀಲರ್ (ಸಂದು ಅಳೆಯೋ ತೆಳು ತಗಡು) ಸಲೀಸಾಗಿ ನುಗ್ತು, ನಂದಕ್ಕೆ ಲಿಮಿಟ್ 0.05, ಅಂದ್ರೆ ಹೆಡ್ ಸೊಟ್ಟಗಾಗಿದೆ. ಲೇತ್ ಕೆಲಸದವ್ರ ಹತ್ರ ಕೊಟ್ಟು ಮೊದಲು ಪ್ರೆಶರ್ ಟೆಸ್ಟ್ ಮಾಡಿಸ್ದೆ, ಕ್ರ್ಯಾಕ್ ಇರೋ ಹೆಡ್‌ಗೆ ಫೇಸಿಂಗ್ (ಮೈ ಕೆತ್ತಿ ಸಮ ಮಾಡೋದು) ಮಾಡ್ಸಿ ಏನು ಪ್ರಯೋಜನ. ಕ್ರ್ಯಾಕ್ ಇರ್ಲಿಲ್ಲ, ಫೇಸಿಂಗ್ ಆಯ್ತು, ಎಷ್ಟು ತೆಗೆದ್ರು ಅಂತ ಕೇಳಿ ಬರ್ಕೊಂಡೆ. ಹೆಡ್ ಎತ್ತರಕ್ಕೂ ಒಂದು ಲಿಮಿಟ್ ಇರುತ್ತೆ, ಜಾಸ್ತಿ ತೆಗೆದ್ರೆ ವಾಲ್ವ್ ಪಿಸ್ಟನ್‌ಗೆ ಹತ್ರ ಬರುತ್ತೆ. ವಾಲ್ವ್ ಸೀಲ್ ಎಲ್ಲಾ ಹೊಸದು, ಸಣ್ಣ ರಬ್ಬರ್, ಹೆಡ್ ಕೈಯಲ್ಲಿರೋವಾಗ ಹಾಕದೆ ಇನ್ನು ಯಾವಾಗ ಹಾಕೋದು. ವಾಲ್ವ್ ಹಾಗೇ ಬಿಡ್ಲೂ ಇಲ್ಲ, ಹೊಸದೂ ತರ್ಲಿಲ್ಲ, ಲ್ಯಾಪಿಂಗ್ (ಸೀಟಿಗೆ ಸರಿಯಾಗಿ ಕೂರೋ ಹಾಗೆ ಉಜ್ಜೋದು) ಮಾಡಿ ಪೋರ್ಟ್‌ಗೆ ಪೆಟ್ರೋಲ್ ತುಂಬ್ಸಿ ಇಳಿಯುತ್ತಾ ನೋಡ್ದೆ, ಇಳೀಲಿಲ್ಲ.

ಟೈಮಿಂಗ್ ಬೆಲ್ಟ್ (ವಾಲ್ವ್ ತೆರೆಯೋ ಕ್ಯಾಮನ್ನ ಕ್ರ್ಯಾಂಕ್ ಜೊತೆ ತಿರುಗಿಸೋ ಪಟ್ಟಿ) ನೋಡಿ ಹೊಟ್ಟೆ ಉರೀತು. ಹಾಕಿ ಬರೀ 20 ಸಾವಿರ ಕಿಲೋಮೀಟರ್, ಆದ್ರೆ ಕ್ಯಾಮ್ ಸೀಲ್ ಸೋರಿ ಒಂದು ಅಂಚು ಆಯಿಲ್‌ನಲ್ಲಿ ನೆಂದಿತ್ತು. ಬೆಲ್ಟ್ ತುಂಡಾದ್ರೆ ವಾಲ್ವು ಪಿಸ್ಟನ್ನು ಬಡಿದಾಡೋ ಇಂಜಿನ್ ಇದು, ಹಾಗಾಗಿ ಬೆಲ್ಟ್, ಟೆನ್ಷನರ್, ಐಡ್ಲರ್, ಕ್ಯಾಮ್ ಸೀಲ್, ಮುಂದಿನ ಕ್ರ್ಯಾಂಕ್ ಸೀಲ್ ಎಲ್ಲಾ ಒಟ್ಟಿಗೆ ಹೊಸದು ಹಾಕ್ದೆ. ವಾಟರ್ ಪಂಪ್ ಅದೇ ಬೆಲ್ಟ್ ಹಿಂದೆ ಕೂತಿರುತ್ತೆ, ಇನ್ನೂ ಸೋರ್ತಿರ್ಲಿಲ್ಲ, ಆದ್ರೆ ಅದು ಕೈಕೊಟ್ರೆ ಇಷ್ಟೂ ಮತ್ತೆ ಬಿಚ್ಬೇಕು, ಅದನ್ನೂ ಬದಲಾಯಿಸ್ದೆ.

ಇಷ್ಟೆಲ್ಲಾ ಆದ್ರೂ ಗಾಡಿ ಯಾಕೆ ಬಿಸಿಯಾಯ್ತು ಅನ್ನೋದೇ ಸಿಕ್ಕಿರ್ಲಿಲ್ಲ. ಹಳೇ ಥರ್ಮೋಸ್ಟಾಟನ್ನ (ಬಿಸಿಯಾದಾಗ ತೆರೆದು ಕೂಲೆಂಟನ್ನ ರೇಡಿಯೇಟರ್ ಕಡೆ ಬಿಡೋ ವಾಲ್ವ್) ನೀರಿನ ಪಾತ್ರೆಗೆ ಹಾಕಿ ಥರ್ಮಾಮೀಟರ್ ಇಟ್ಟು ಕಾಯಿಸ್ದೆ. ತೆರೆಯೋ ಡಿಗ್ರಿ 82 ಅಂತ ಅದ್ರ ಮೇಲೆ ಒತ್ತಿದ್ರು, ನೀರು ಮರಳಿದ್ರೂ ಅರ್ಧ ಬಾಯಿ ತೆರೆದು ಅಲ್ಲೇ ನಿಂತ್ಬಿಡ್ತು. ಇದನ್ನ ನೋಡದೆ ಬರೀ ಗ್ಯಾಸ್ಕೆಟ್ ಹಾಕಿದ್ರೆ ಮುಂದಿನ ಏರಲ್ಲಿ ಅದೇ ಕಥೆ ಆಗ್ತಿತ್ತು.

ನಾನು ಮಾಡಿದ ತಪ್ಪು ಒಂದು ಗೇಣುದ್ದದ ಹೋಸ್. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಡೆ ಹೆಡ್‌ನಿಂದ ಹೀಟರ್ ಪೈಪ್‌ಗೆ ಹೋಗೋ ಸಣ್ಣದು. ಒತ್ತಿ ನೋಡ್ದೆ, ಮೆತ್ತಗೆ ಇತ್ತು, ಅಂಗಡಿಯಲ್ಲೂ ಆಗ ಇರ್ಲಿಲ್ಲ, ಜೋಡಿಸೋ ಅವಸರ ಬೇರೆ, ಬಿಟ್ಟೆ. ಎರಡು ತಿಂಗಳಾದ್ಮೇಲೆ ಕ್ಲಿಪ್ ಕೂರೋ ಜಾಗದಲ್ಲಿ ಸೀಳಿತು. ಹೋಸ್ ಹಾಕೋಕೆ ಹತ್ತು ನಿಮಿಷ, ಮ್ಯಾನಿಫೋಲ್ಡ್ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕಿ ವಾಪಸ್ ಕೂರಿಸೋಕೆ ಒಂದಿಡೀ ಭಾನುವಾರ. ಬೇರಿಂಗ್‌ಗೆ ಅಷ್ಟು ಅಳತೆ ಹಿಡಿದೋನು ಈ ರಬ್ಬರ್ ತುಂಡನ್ನ ಬರೀ ಬೆರಳಲ್ಲಿ ಒತ್ತಿ ಪಾಸ್ ಮಾಡಿದ್ದೆ.

ಹಿಂದಿನ ಕ್ರ್ಯಾಂಕ್ ಸೀಲ್ ಸ್ವಲ್ಪ ಬೆವರ್ತಾ ಇದೆ, ಅದು ಆಗ್ಲೇ ಗೊತ್ತಿತ್ತು. ಅದಕ್ಕೆ ಗೇರ್‌ಬಾಕ್ಸ್ ಇಳಿಸ್ಬೇಕು, ಕ್ಲಚ್ ಇನ್ನೂ ಚೆನ್ನಾಗಿ ಹಿಡೀತಿದೆ, ಆದ್ರಿಂದ ಕ್ಲಚ್ ಪ್ಲೇಟ್ ಹಾಕೋ ದಿನ ಅದನ್ನೂ ನೋಡ್ಕೊಳ್ಳೋಣ ಅಂತ ಬಿಟ್ಟಿದ್ದೀನಿ, ಅಲ್ಲೀವರೆಗೆ ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡೋದಷ್ಟೇ ಕೆಲಸ.