ಗೋಲಿ, ತಕ್ಕಡಿ, ಎರಡು ಕಮಾನು: ರೋಮನೆಸ್ಕ್-ಗೋಥಿಕ್ ವ್ಯತ್ಯಾಸ ತೋರಿಸಿದ ನನ್ನ ಅನುಭವ

ಕೊನೆಗೂ ನಿಂತಿತು. ಹೋದ ತಿಂಗಳು ರೈನ್ ನದಿಯ ದಡದಲ್ಲಿ ಹನ್ನೆರಡು ಜನರ ಮುಂದೆ ಎರಡು ಮಾಡೆಲ್ ಕಮಾನು ಕಟ್ಟಿದೆ. ಯಾವುದು ತನ್ನ ಬುಡವನ್ನು ಹೊರಕ್ಕೆ ಎಷ್ಟು ತಳ್ಳುತ್ತದೆ ಅಂತ ತಕ್ಕಡಿ ಹಾಕಿ ತೋರಿಸಿದೆ. "ಜನಕ್ಕೆ ಇದೆಲ್ಲ ಯಾಕೆ? ಕೆಥೆಡ್ರಲ್ ಮುಂದೆ ಫೋಟೊ ತೆಗೆಸಿಕೊಂಡು ಹೋಗ್ತಾರೆ ಅಷ್ಟೆ" ಅಂತ ಎರಡು ವರ್ಷ ಹೇಳಿದ ಗೆಳೆಯರೇ ಈಗ ಮಾಡೆಲ್ ಕೊಡ್ತೀರಾ ಅಂತ ಕೇಳುತ್ತಿದ್ದಾರೆ.

ನಾನು ಜರ್ಮನಿಯ ಕಲೋನ್‌ನಲ್ಲಿ ಶನಿವಾರ ಕನ್ನಡದ ಕುಟುಂಬಗಳಿಗೆ ಚರ್ಚ್ ತೋರಿಸುತ್ತೇನೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಊರಿಲ್ಲ. ಹಳೇ ಊರಿನೊಳಗೇ ಹನ್ನೆರಡು ದೊಡ್ಡ ರೋಮನೆಸ್ಕ್ (ಗೋಥಿಕ್‌ಗೂ ಮುಂಚಿನ ಶೈಲಿ) ಚರ್ಚ್‌ಗಳಿವೆ. ಪಕ್ಕದಲ್ಲೇ 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದ ಗೋಥಿಕ್ ಕೆಥೆಡ್ರಲ್, ಇಲ್ಲಿನವರ ಬಾಯಲ್ಲಿ ಡೋಮ್. ಡೋಮ್ ಕಂಡ ಕೂಡಲೇ ಯಾರಾದರೂ ಒಬ್ಬರು "ನಮ್ಮ ಮೈಸೂರಿನ ಫಿಲೋಮಿನಾ ಚರ್ಚ್ ಥರ ಇದೆ" ಅನ್ನುತ್ತಾರೆ. ಸರಿಯೇ. ಮೈಸೂರಿನ ಚರ್ಚ್ 1933ರಲ್ಲಿ ಶುರುವಾದದ್ದು, ಅದಕ್ಕೆ ಸ್ಫೂರ್ತಿ ಈ ಡೋಮೇ.

ದುಂಡು ಕಮಾನು ಅಂದ್ರೆ ರೋಮನೆಸ್ಕ್, ಚೂಪು ಕಮಾನು ಅಂದ್ರೆ ಗೋಥಿಕ್ ಅಂತ ಮೊದಲು ನಾನೂ ಹೇಳಿಕೊಡುತ್ತಿದ್ದೆ. ಸೇಂಟ್ ಗೆರಿಯೋನ್‌ಗೆ ಹೋದರೆ ಆ ಮಾತು ಅಲ್ಲೇ ಬಿದ್ದುಹೋಗುತ್ತದೆ. 1227ರಲ್ಲಿ ಮುಗಿದ ಅದರ ಹತ್ತು ಮೂಲೆಯ ಗುಮ್ಮಟದಲ್ಲಿ ಚೂಪು ಕಮಾನೂ ಇದೆ, ಪಕ್ಕೆಲುಬಿನಂಥ ರಿಬ್‌ಗಳೂ ಇವೆ. ಆದರೂ ಅದು ಆ ಹನ್ನೆರಡು ರೋಮನೆಸ್ಕ್ ಚರ್ಚ್‌ಗಳಲ್ಲೇ ಒಂದು. ಇಂಗ್ಲೆಂಡಿನ ಡರ್ಹಮ್‌ನಲ್ಲಂತೂ 1093ರಲ್ಲಿ ಶುರುವಾದ ರೋಮನೆಸ್ಕ್ ಕೆಥೆಡ್ರಲ್‌ಗೇ ರಿಬ್ ಚಾವಣಿ ಇದೆ. ಕಮಾನಿನ ಆಕಾರ ನೋಡಿದರೆ ಸಾಲದು, ಅದರ ತಳ್ಳಾಟ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕು. ಬಾಯಲ್ಲಿ ಹೇಳಿದರೆ ಇದು ಯಾರಿಗೂ ತಲೆಗೆ ಹೋಗಲ್ಲ.

ಅಚ್ಚು, ಸೆಂಟ್ರಿಂಗ್ (ಕಮಾನು ಕಟ್ಟುವಾಗ ಕೆಳಗೆ ಕೊಡುವ ಆಸರೆ) ವಿಷಯ ಮಾಡೆಲ್ ಮಾಡುವವರಿಗೆ ಹೇಳಬೇಕಾಗಿಲ್ಲ. ನಾನು ಸೋತದ್ದನ್ನು ಹೇಳುತ್ತೇನೆ. ಮೊದಲು ಥರ್ಮಾಕೋಲ್‌ನಲ್ಲಿ ಮಾಡಿದೆ. ತೂಕವೇ ಇಲ್ಲ, ಗಾಳಿಗೆ ಹಾರಿತು, ಮೂವತ್ತು ಯೂರೊ ಹೋಯಿತು. ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕಲ್ಲುಗಳನ್ನು ಮಾಡಿಕೊಂಡೆ. 60 ಸೆಂ.ಮೀ. ಅಗಲದ ಅರ್ಧವೃತ್ತ, ಕಲ್ಲಿನ ದಪ್ಪ ಎರಡೂವರೆ ಸೆಂ.ಮೀ. ಸೆಂಟ್ರಿಂಗ್ ತೆಗೆದ ಕೂಡಲೇ ನೆತ್ತಿ ಕುಸಿಯಿತು, ಹೆಗಲು (ನೆತ್ತಿಗೂ ಬುಡಕ್ಕೂ ನಡುವಿನ ಭಾಗ) ಹೊರಗೆ ಬಾಯಿಬಿಟ್ಟಿತು. ಏಳೆಂಟು ಸಲ ಹೀಗೇ ಆಯಿತು. ಸಂದು ಸರಿಯಾಗಿ ಕೂತಿಲ್ಲ ಅಂತ ಒಂದು ವಾರ ಸ್ಯಾಂಡ್‌ಪೇಪರ್ ಉಜ್ಜಿದೆ. ಅಡುಗೆಮನೆ ತುಂಬ ಬಿಳಿ ಧೂಳು. ಹೆಂಡತಿ ಎರಡು ದಿನ ಮಾತಾಡಲಿಲ್ಲ.

ತಪ್ಪು ಸಂದಿನದ್ದಲ್ಲ, ದಪ್ಪದ್ದು. ಬರೀ ತನ್ನ ಭಾರ ಹೊರುವ ಅರ್ಧವೃತ್ತಕ್ಕೂ ತ್ರಿಜ್ಯದ ಹತ್ತನೇ ಒಂದು ಪಾಲಿಗಿಂತ ತುಸು ಜಾಸ್ತಿ ದಪ್ಪ ಬೇಕೇ ಬೇಕು. ಅದಕ್ಕಿಂತ ತೆಳುವಾದರೆ ಎಷ್ಟು ಚೆನ್ನಾಗಿ ಉಜ್ಜಿದರೂ ನಿಲ್ಲಲ್ಲ. ನಾಲ್ಕು ಸೆಂ.ಮೀ. ಮಾಡಿದೆ, ಮೊದಲ ಸಲಕ್ಕೇ ನಿಂತಿತು. ಹಳೇ ತೆಳು ಕಲ್ಲುಗಳಿಗೆ ಎಪ್ಪತ್ತು ಯೂರೊ ಸುರಿದಿದ್ದೆ, ಎಸೆಯಲು ಮನಸ್ಸಾಗಲಿಲ್ಲ. ಅವುಗಳ ಎರಡೂ ಹೆಗಲ ಮೇಲೆ ಮರಳು ಚೀಲ ಒತ್ತಿ ಇಟ್ಟು ನೋಡಿದೆ. ಅದೂ ನಿಂತಿತು! ಹಳೇ ಚರ್ಚ್‌ಗಳ ಚಾವಣಿಯ ಹೆಗಲಿಗೆ ಕಲ್ಲು-ಗಾರೆ ಯಾಕೆ ತುಂಬಿದ್ದಾರೆ ಅನ್ನೋದು ನನಗೆ ಅರ್ಥವಾದದ್ದು ಆ ರಾತ್ರಿ. ಅದೇ ಚೀಲವನ್ನು ಚೂಪು ಕಮಾನಿನ ಹೆಗಲಿಗೂ ಹಾಕಿದೆ. ಅದರ ತುದಿ ಮೇಲಕ್ಕೆ ಚಿಮ್ಮಿ ಎಲ್ಲ ಬಿತ್ತು, ಎರಡು ಕಲ್ಲು ಒಡೆದವು. ಚೂಪಿಗೆ ತಲೆಯ ಮೇಲೆ ಭಾರ ಇದ್ದರೆ ಒಳ್ಳೆಯದು.

ಇನ್ನು ತೂಕ. ಒಂದು ಬದಿಯ ಬುಡವನ್ನು ಪುಟ್ಟ ಹಲಗೆಯ ಮೇಲಿಟ್ಟೆ, ಹಲಗೆಯ ಕೆಳಗೆ ಗೋಲಿಗಳು. ಹಲಗೆ ಹೊರಕ್ಕೆ ಓಡದಂತೆ ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿದೆ. ಗೋಲಿ ಚದುರದಂತೆ ಏನು ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ರವೇ ಇರಲಿ, ಅದಕ್ಕೆ ಆರು ತಿಂಗಳು ಹಿಡಿದಿದೆ. ದುಂಡು ಕಮಾನು ಸುಮಾರು 800 ಗ್ರಾಂ ತಳ್ಳಿತು. ಅದೇ ಅಗಲ, ಅದೇ ದಪ್ಪದ ಚೂಪು ಕಮಾನಿಗೆ ಕಲ್ಲು ಮೂರನೇ ಒಂದು ಪಾಲು ಜಾಸ್ತಿ ಬೇಕು. ಆದರೂ ಅದು ತಳ್ಳಿದ್ದು 600ರ ಆಸುಪಾಸು. ಭಾರ ಜಾಸ್ತಿ, ತಳ್ಳಾಟ ಕಡಿಮೆ! ತಕ್ಕಡಿಯ ಮುಳ್ಳು ನೋಡಿದ ಮೇಲೆ ಯಾರೂ ವಾದ ಮಾಡಲ್ಲ.

ನಡುವೆ ಬೇರೆ ಒಂದು ಹುಚ್ಚಿಗೂ ಬಿದ್ದೆ. 60 ಸೆಂ.ಮೀ. ಚೌಕಕ್ಕೆ ತಂತಿಯ ಕಮಾನುಗಳಲ್ಲಿ ಚಾವಣಿ ಮಾಡಲು ಹೋದೆ. ಬದಿಯ ಅರ್ಧವೃತ್ತ 30 ಸೆಂ.ಮೀ. ಎತ್ತರ ಬಂತು, ಮೂಲೆಯಿಂದ ಮೂಲೆಗೆ ಹಾಕಿದ್ದು 42. ನಡುವೆ ಹನ್ನೆರಡು ಸೆಂ.ಮೀ. ಗೂನು. ಚೂಪು ಕಮಾನಾದರೆ ಅಗಲ ಎಷ್ಟೇ ಇರಲಿ, ತುದಿಯನ್ನು ಬೇಕಾದ ಎತ್ತರಕ್ಕೆ ತರಬಹುದು. ಉದ್ದ-ಅಗಲ ಸಮ ಇಲ್ಲದ ಅಂಕಣಕ್ಕೂ ಒಂದೇ ಎತ್ತರದ ಚಾವಣಿ ಹಾಕಬಹುದು. ನನ್ನ ಲೆಕ್ಕದಲ್ಲಿ ಗೋಥಿಕ್‌ನವರಿಗೆ ಸಿಕ್ಕ ದೊಡ್ಡ ಲಾಭ ಇದೇ.

ಹಾಗಂತ ಚೂಪು ಮಾಡಿದರೆ ಎಲ್ಲ ನಿಲ್ಲುತ್ತದೆ ಅಂತಲ್ಲ. ಫ್ರಾನ್ಸಿನ ಬೋವೆಯ ಗೋಥಿಕ್ ಕೆಥೆಡ್ರಲ್‌ನಲ್ಲಿ ಸುಮಾರು 48 ಮೀಟರ್ ಎತ್ತರಕ್ಕೆ ಹೋದ ಚಾವಣಿ 1284ರಲ್ಲಿ ಕುಸಿಯಿತು.

ಒಟ್ಟು 340 ಯೂರೊ ಆಗಿರಬಹುದು. ತಲೆಗೆ ಹದಿನೈದು ತೆಗೆದುಕೊಳ್ಳುತ್ತೇನೆ, ಎರಡೇ ಶನಿವಾರಕ್ಕೆ ವಾಪಸ್ ಬಂತು. ಎರಡೂ ಕಮಾನು ಸೇರಿ ಹತ್ತು ಕಿಲೋ, ಟ್ರಾಲಿಯಲ್ಲಿ ಹೋಗುತ್ತದೆ. ಹುಲ್ಲಿನ ಮೇಲೆ ಹಲಗೆ ಹಾಕಿ ರಸಮಟ್ಟ ಇಟ್ಟು ನೋಡದೆ ಕಟ್ಟಬೇಡಿ.

ಈಗ ಮೊದಲು ಸೇಂಟ್ ಮರಿಯಾ ಇಮ್ ಕಪಿಟೋಲ್‌ನ ನೆಲಮಾಳಿಗೆಗೆ ಇಳಿಸುತ್ತೇನೆ. ಹನ್ನೊಂದನೇ ಶತಮಾನದ್ದು. ಗಿಡ್ಡ ಕಂಬ, ದಪ್ಪ ಗೋಡೆ, ಪುಟ್ಟ ಕಿಟಕಿ. ತಳ್ಳಾಟವನ್ನೆಲ್ಲ ಗೋಡೆಯೇ ನುಂಗುತ್ತದೆ, ಕಿಟಕಿ ದೊಡ್ಡದು ಮಾಡುವ ಹಾಗಿಲ್ಲ. ಆಮೇಲೆ ನದಿಯ ದಡದಲ್ಲಿ ಮಾಡೆಲ್. ಕೊನೆಗೆ ಡೋಮ್, ಅದೂ ಮುಂಬಾಗಿಲಿಂದ ಅಲ್ಲ. ಹಿಂದುಗಡೆ ನಿಲ್ಲಿಸಿ ಫ್ಲೈಯಿಂಗ್ ಬಟ್ರೆಸ್‌ಗಳನ್ನು ತೋರಿಸುತ್ತೇನೆ. ಒಳಗೆ 43 ಮೀಟರ್ ಎತ್ತರದ ಚಾವಣಿ ತಳ್ಳುವುದನ್ನು ಹೊರಗಿನ ಆ ಕಲ್ಲಿನ ತೋಳುಗಳು ಹಿಡಿದಿವೆ. ಅದಕ್ಕೇ ಗೋಡೆಯ ಜಾಗದಲ್ಲಿ ಗಾಜು.

ಹೋದ ತಿಂಗಳು ಒಂಬತ್ತು ವರ್ಷದ ಒಂದು ಹುಡುಗಿ ಬಂದಿದ್ದಳು. ದಾರ ಬಿಚ್ಚಿ, ಹಲಗೆಗೆ ಅವಳ ಎರಡು ಅಂಗೈ ಒತ್ತಿ ಹಿಡಿಸಿದೆ. "ಅಂಕಲ್, ಇದು ನನ್ನ ತಳ್ತಾ ಇದೆ!" ಅಂದಳು. ಸಂಜೆ ಡೋಮ್ ಹಿಂದೆ ನಿಂತಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ಎರಡೂ ಕೈ ಮುಂದೆ ಚಾಚಿ ಅಪ್ಪನಿಗೆ ತೋರಿಸುತ್ತಿದ್ದಳು.